ನಮ್ಮ ಊರಲ್ಲೇ ಬೇಸ್‌ಬಾಲ್ ಮೊದಲು ಆಡಿದ್ದು ಅಂತ ತೋರಿಸಲು ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಮೊದಲ ಎರಡು ವರ್ಷ ಕಣ್ಮುಂದೆ ಬಂತು. ನಾನೂ ನಿಮ್ಮ ಹಾಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲೇ ಇದ್ದೇನೆ, ವೂಸ್ಟರ್ ಹತ್ತಿರದ ಒಂದು ಸಣ್ಣ ಊರು. ಮೂಲ ತಿಪಟೂರು ಕಡೆ. ಮಗ ಬೇಸ್‌ಬಾಲ್ ಆಡಲು ಶುರು ಮಾಡಿದ, ನನಗೆ ಆಟದ ಹಿಂದಿನ ಕಥೆ ಹಿಡಿಸಿತು, ಊರಿನ ಇತಿಹಾಸ ಸಂಘದಲ್ಲಿ ಸ್ವಯಂಸೇವಕನಾಗಿ ಸೇರಿದೆ. ಶನಿವಾರ ಪೂರ್ತಿ ಲೈಬ್ರರಿಯ ಮೈಕ್ರೋಫಿಲ್ಮ್ ಮುಂದೆ.

ಆರನೇ ತಿಂಗಳಿಗೆ ಸಿಕ್ಕಿತು. ಊರಿನ ಒಬ್ಬ ಅಜ್ಜ, ತಾನು 1829ರಲ್ಲಿ ಚರ್ಚ್ ಹಿಂದಿನ ಬಯಲಲ್ಲಿ ಬೇಸ್‌ಬಾಲ್ ಆಡಿದ್ದೆ ಅಂತ ಪತ್ರಿಕೆಗೆ ಹೇಳಿದ್ದರು. ಮನೆಗೆ ಬಂದು ಸ್ಪ್ರೆಡ್‌ಶೀಟಿನ ‘ವರ್ಷ’ ಅನ್ನುವ ಕಾಲಂನಲ್ಲಿ 1829 ಅಂತ ಬರೆದೆ. ನನ್ನ ತಪ್ಪು ಅಷ್ಟೇ. ಒಂದೇ ಕಾಲಂ.

ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಅದನ್ನೇ ಮಾಡುವ ಹಾಗೆ ಕಾಣುತ್ತಿದೆ. ಆ ಪತ್ರಿಕೆ 1829ರದ್ದಲ್ಲ, 1886ರದ್ದು. ಅಂದರೆ ಅಜ್ಜ 57 ವರ್ಷದ ಹಿಂದಿನದನ್ನು ನೆನಪು ಮಾಡಿಕೊಂಡು ಹೇಳಿದ್ದು. ಅವರು ಸುಳ್ಳು ಹೇಳಿರಲಿಲ್ಲ. ಅವರ ಮಾತಲ್ಲೇ ಇತ್ತು: ನಾವು ‘ರೌಂಡ್ ಬಾಲ್’ ಅನ್ನುತ್ತಿದ್ದೆವು, ಈಗ ಜನ ಬೇಸ್‌ಬಾಲ್ ಅನ್ನುತ್ತಾರೆ ಅಂತ. ಆ ಅರ್ಧ ವಾಕ್ಯವನ್ನು ನಾನು ಬರೆದುಕೊಳ್ಳಲೇ ಇಲ್ಲ, ನನಗೆ ಬೇಕಾಗಿದ್ದ ಪದ ಸಿಕ್ಕಿತ್ತಲ್ಲ. ಆಟ ಆಡಿದ ವರ್ಷ ಒಂದು, ಅದನ್ನು ಬರೆದ ವರ್ಷ ಇನ್ನೊಂದು. ಇವೆರಡನ್ನೂ ಒಂದೇ ಕಾಲಂಗೆ ತುರುಕಿದರೆ 1886ರ ಪದ ಹೋಗಿ 1829ರಲ್ಲಿ ಕೂತುಬಿಡುತ್ತದೆ, ಆಮೇಲೆ ಅದನ್ನು ನೋಡಿದವರಿಗೆ ಯಾರಿಗೂ ಅನುಮಾನ ಬರುವುದಿಲ್ಲ, ನನಗೂ ಬರಲಿಲ್ಲ.

ಸಂಘದವರು ಖುಷಿಯಿಂದ ಫಲಕ ಮಾಡಿಸಿದರು, ಊರಿನ ಹಬ್ಬಕ್ಕೆ ಕರಪತ್ರವನ್ನೂ ಹಂಚಿದರು. ಎಂಟು ತಿಂಗಳ ಮೇಲೆ ಪಕ್ಕದ ಊರಿನ ಸ್ವಯಂಸೇವಕಿ, ನಿವೃತ್ತ ಟೀಚರ್, ಬಂದು ಒಂದೇ ಪ್ರಶ್ನೆ ಕೇಳಿದರು: “ಯಾವ ತಾರೀಖಿನ ಪತ್ರಿಕೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಮೂರು ಶನಿವಾರ ರೀಲು ತಿರುಗಿಸಿ ಹುಡುಕಿದ ಮೇಲೆ ಗೊತ್ತಾಗಿದ್ದು. ಫಲಕ ಇಳಿಸಿದರು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಏನೆಂದರೆ, ಸಂಘದ ಬೀರುವಿನಲ್ಲಿದ್ದ ಹಳೆಯ ಡೈರಿಗಳನ್ನು ಎರಡು ವರ್ಷ ನನ್ನ ಕೈಗೆ ಕೊಡಲಿಲ್ಲ.

ಇದೇ ತಪ್ಪು ಇಡೀ ಅಮೆರಿಕದಲ್ಲಿ ದೊಡ್ಡದಾಗಿ ಆಗಿದೆ. ಆಬ್ನರ್ ಗ್ರೇವ್ಸ್ ಅನ್ನುವವರು 1905ರಲ್ಲಿ ಪತ್ರ ಬರೆದು, 1839ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ ಆಬ್ನರ್ ಡಬಲ್‌ಡೇ ಬೇಸ್‌ಬಾಲ್ ಕಂಡುಹಿಡಿದಿದ್ದು ಅಂದರು. 1839ರಲ್ಲಿ ಗ್ರೇವ್ಸ್‌ಗೆ ಐದು ವರ್ಷ, ಡಬಲ್‌ಡೇ ಕೂಪರ್ಸ್‌ಟೌನ್‌ನಲ್ಲಲ್ಲ, ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಕೆಡೆಟ್. ಆದರೂ ಬೇಸ್‌ಬಾಲ್ ಎಲ್ಲಿ ಹುಟ್ಟಿತು ಅಂತ ತೀರ್ಮಾನಿಸಲು ಮಾಡಿದ್ದ ಮಿಲ್ಸ್ ಕಮಿಷನ್ ಆ ನೆನಪನ್ನೇ ಒಪ್ಪಿಕೊಂಡಿತು, 1939ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಮ್ಯೂಸಿಯಂ ಕೂಡ ಕೂಪರ್ಸ್‌ಟೌನ್‌ನಲ್ಲೇ ತೆರೆಯಿತು.

ಅದಕ್ಕೇ ‘ಮೊದಲು’ ಅನ್ನುವ ಪದ ಬಿಡಿ ಅಂತ ಹೇಳುತ್ತೇನೆ. ಪುಸ್ತಕ ಮೊದಲು ಓದಲಾ, ಆನ್‌ಲೈನ್ ಪತ್ರಿಕೆ ಮೊದಲು ನೋಡಲಾ ಅಂತ ಕೇಳಿದ್ದೀರಿ. ಯಾವುದನ್ನಾದರೂ ಮಾಡಿ, ಅದು ಅಷ್ಟು ಮುಖ್ಯ ಅಲ್ಲ. ‘ಮೊದಲು’ ಅಂತ ಹೊರಟರೆ ಕಣ್ಣು ಬೇಕಾದ್ದನ್ನೇ ನೋಡುತ್ತದೆ. ನಿಮ್ಮ ಊರಲ್ಲಿ ಯಾವ ಹೆಸರಲ್ಲಿ, ಯಾರು, ಯಾವ ನಿಯಮದಲ್ಲಿ ಆಡುತ್ತಿದ್ದರು ಅಂತ ಕೇಳಿಕೊಳ್ಳಿ. ನಮ್ಮಲ್ಲಿ ಚಿನ್ನಿದಾಂಡು ಇನ್ನೊಂದು ಕಡೆ ಗಿಲ್ಲಿದಾಂಡು, ಮತ್ತೊಂದು ಕಡೆ ಚಿಣ್ಣಿಕೋಲು. ಯಾವ ಊರು ಮೊದಲು ಅಂತ ಯಾರಾದರೂ ಕೇಳುತ್ತಾರಾ? ಇಲ್ಲೂ ಹಾಗೇ. ಈ ರಾಜ್ಯದವರು ತಮ್ಮ ಆಟದ ನಿಯಮಗಳನ್ನು 1858ರಲ್ಲಿ ಡೆಡಮ್ ಅನ್ನುವ ಊರಲ್ಲಿ ಬರೆದಿಟ್ಟರು. ಬೇಸ್ ಜಾಗದಲ್ಲಿ ನಾಲ್ಕು ಅಡಿಯ ಗೂಟ, ಒಬ್ಬ ಔಟಾದರೆ ಇಡೀ ತಂಡದ ಸರದಿ ಮುಗಿಯಿತು, 100 ರನ್ ಮೊದಲು ಮಾಡಿದವರು ಗೆದ್ದರು. ಓಡುವವನಿಗೆ ಚೆಂಡು ಎಸೆದು ಹೊಡೆದರೆ ಅವನು ಔಟ್, ಲಗೋರಿಯಲ್ಲಿ ನಾವು ಬೆನ್ನಿಗೆ ಬಾರಿಸುತ್ತಿದ್ದ ಹಾಗೆ! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಮತ್ತೆ, ಆಟದ ಸುದ್ದಿಯಲ್ಲಿ ಹುಡುಕಬೇಡಿ. ಹುಡುಗರ ಆಟವನ್ನು ಆಗ ಯಾರೂ ಸುದ್ದಿ ಅಂದುಕೊಂಡಿರಲಿಲ್ಲ. ನಮ್ಮೂರಲ್ಲಿ ಚಿನ್ನಿದಾಂಡಿನ ವಿಷಯ ದೊಡ್ಡವರ ಬಾಯಿಗೆ ಬರುತ್ತಿದ್ದುದು ಯಾರ ಮನೆಯದೋ ಹೆಂಚು ಒಡೆದಾಗ ಮಾತ್ರ ಅಲ್ವಾ? ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಲ್ಲೂ ಅದೇ. 1791ರ ಊರ ನಿಯಮದಲ್ಲಿ, ಹೊಸ ಮೀಟಿಂಗ್ ಹೌಸ್‌ನ (ಪ್ರಾರ್ಥನೆಗೂ ಊರಸಭೆಗೂ ಸೇರುವ ಕಟ್ಟಡ) ಕಿಟಕಿಗಳು ಉಳಿಯಲಿ ಅಂತ ಅದರ 80 ಗಜದೊಳಗೆ ವಿಕೆಟ್, ಕ್ರಿಕೆಟ್, ಬೇಸ್‌ಬಾಲ್, ಫುಟ್‌ಬಾಲ್, ಕ್ಯಾಟ್ ಅಂತ ಯಾವ ಚೆಂಡಾಟವನ್ನೂ ಆಡಬಾರದು ಅಂದಿದ್ದಾರೆ. ಹೆಸರು ಅದೇ ಕಾಲದ ಕಾಗದದಲ್ಲೇ ಇದೆ, ಯಾರ ನೆನಪೂ ಅಲ್ಲ. ಪ್ರಿನ್ಸ್‌ಟನ್ ಕಾಲೇಜಿನವರೂ 1787ರಲ್ಲಿ ಚೆಂಡು ಕೋಲಿನ ಆಟಕ್ಕೆ ತಡೆ ಹಾಕಿದ್ದರು. ಹಾಗಾಗಿ ಊರಸಭೆಯ ನಡಾವಳಿ, ದಂಡದ ಲೆಕ್ಕ, ಶಾಲೆಯ ನಿಯಮ, ಡೈರಿ ನೋಡಿ. ಏಪ್ರಿಲ್ ತಿಂಗಳ ‘ಫಾಸ್ಟ್ ಡೇ’ ಸುತ್ತಮುತ್ತಲಿನ ಪತ್ರಿಕೆಗಳನ್ನೂ ಬಿಡಬೇಡಿ. ಹೆಸರಿಗೆ ಉಪವಾಸದ ದಿನ, ಆದರೆ ಜನ ಬಯಲಿಗೆ ಹೋಗಿ ಚೆಂಡಾಟ ಆಡುತ್ತಿದ್ದರು.

ಆನ್‌ಲೈನ್ ಹುಡುಕಾಟದಲ್ಲಿ ‘ಬೇಸ್‌ಬಾಲ್’ ಅಂತ ಒಂದೇ ಪದ ಹಾಕಿದರೆ ಏನೂ ಸಿಗುವುದಿಲ್ಲ. ಆಗ ಎರಡು ಪದವಾಗಿ ಬರೆಯುತ್ತಿದ್ದರು, ಅಥವಾ ನಡುವೆ ಗೆರೆ. 1800ಕ್ಕಿಂತ ಹಿಂದಿನ ಅಚ್ಚಿನಲ್ಲಿ ಪದದ ಒಳಗಿನ ಎಸ್ ಅಕ್ಷರ ಉದ್ದವಾಗಿರುತ್ತದೆ, ಕಂಪ್ಯೂಟರ್ ಅದನ್ನು ಎಫ್ ಅಂತ ಓದಿ ‘ಬೇಫ್’ ಮಾಡಿಬಿಡುತ್ತದೆ, ಅದನ್ನೂ ಹಾಕಿ ನೋಡಿ. ಬರೀ ‘ಬೇಸ್’ ಅಂತ ಸಿಕ್ಕರೆ ಕುಣಿಯಬೇಡಿ. ‘ಪ್ರಿಸನರ್ಸ್ ಬೇಸ್’ ಅಂತ ಚೆಂಡೇ ಇಲ್ಲದ ಓಡಾಟದ ಆಟ ಇತ್ತು, ಅದಕ್ಕೂ ಬೇಸ್ ಅನ್ನುತ್ತಿದ್ದರು. 1778ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, ವ್ಯಾಲಿ ಫೋರ್ಜ್ ಶಿಬಿರದ ಒಬ್ಬ ಸೈನಿಕನ ಡೈರಿಯಲ್ಲಿ ‘ಬೇಸ್ ಆಡಿದೆವು’ ಅಂತಿದೆ, ಯಾವ ಬೇಸ್ ಅಂತ ಅದರಿಂದ ಹೇಳಲು ಆಗುವುದಿಲ್ಲ.

ಸಿಕ್ಕಿದ್ದನ್ನು ಪ್ರೋಟೋಬಾಲ್ ಯೋಜನೆಯವರಿಗೆ ಕಳಿಸಿ. ಇಂಥ ತುಣುಕುಗಳನ್ನೆಲ್ಲ ವರ್ಷವಾರು ಜೋಡಿಸುತ್ತಿದ್ದಾರೆ. ಕಳಿಸುವಾಗ ಪತ್ರಿಕೆ ಹೆಸರು, ತಾರೀಖು, ಪುಟ, ಕಾಲಂ, ಇಡೀ ವಾಕ್ಯ ಇರಲಿ, ಪುಟದ ಫೋಟೋ ಕೂಡ.

ಊರಿನ ಆ ಅಜ್ಜನ ಕಥೆ ಈಗಲೂ ನನ್ನ ಶೀಟಿನಲ್ಲಿದೆ. ಆಡಿದ್ದು 1829, ಬರೆದಿದ್ದು 1886, ಆಟದ ಹೆಸರು ರೌಂಡ್ ಬಾಲ್. ಹೋದ ವರ್ಷ ಸಂಘದವರು ಬೀರುವಿನ ಡೈರಿಗಳನ್ನು ಮತ್ತೆ ಕೊಟ್ಟರು, 1820ರ ದಶಕದ್ದು ನಾಲ್ಕು ಇವೆ. ಎರಡು ಓದಿ ಮುಗಿಸಿದ್ದೇನೆ, ಇನ್ನೂ ಚೆಂಡು ಸಿಕ್ಕಿಲ್ಲ.