ಕಡಿಮೆ ಖರ್ಚಿನ ಫೌಂಡ್ ಫೂಟೇಜ್ ಹಾರರ್ ಸಿನಿಮಾ ನಿಜಕ್ಕೂ ಹೆದರಿಸೋದು ಯಾವಾಗ?

ನಿಮ್ಮ ಪ್ರಶ್ನೆ ಇಷ್ಟು: ಗೆಳೆಯರು ನಾಲ್ಕು ಜನ ಸೇರಿ ಸ್ವಲ್ಪ ದುಡ್ಡಿನಲ್ಲೇ ಒಂದು ಫೌಂಡ್ ಫೂಟೇಜ್ ಹಾರರ್ ಮಾಡಬೇಕು ಅಂತಿದ್ದೀರಿ, ನೋಡುವವರಿಗೆ ನಿಜವಾಗಿ ಭಯ ಆಗಬೇಕಾದರೆ ಏನಿರಬೇಕು, ಕ್ಯಾಮೆರಾ ಯಾವುದು ತಗೋಬೇಕು. (ಫೌಂಡ್ ಫೂಟೇಜ್ ಅಂದರೆ, ಕಥೆಯೊಳಗಿನ ಕ್ಯಾಮೆರಾದಲ್ಲೇ ಸೆರೆಯಾಗಿ ಆಮೇಲೆ ಯಾರಿಗೋ ಸಿಕ್ಕ ವಿಡಿಯೋ ಅನ್ನುವಂತೆ ತೋರಿಸುವ ಸಿನಿಮಾ.) ನಾನು ಸಿನಿಮಾ ಮಾಡಿದವನಲ್ಲ. ಈ ಜಾತಿಯ ಸಿನಿಮಾ ಒಳ್ಳೇದಿರಲಿ ಕೆಟ್ಟದ್ದಿರಲಿ, ಸಿಕ್ಕಿದ್ದನ್ನೆಲ್ಲ ನೋಡಿದವನು. ಕೆಟ್ಟದ್ದೇ ಜಾಸ್ತಿ. ಹಾಗಾಗಿ ಪ್ರೇಕ್ಷಕನ ಜಾಗದಲ್ಲಿ ಕೂತು ಹೇಳುತ್ತೇನೆ. ಮಧ್ಯೆ ಕೆಲವು ಸಿನಿಮಾಗಳ ಗುಟ್ಟೂ ಬಿಟ್ಟುಕೊಡುತ್ತೇನೆ, ನೋಡಿಲ್ಲದಿದ್ದರೆ ಮೊದಲು ನೋಡಿಕೊಂಡು ಬನ್ನಿ.

ನನ್ನ ಪ್ರಕಾರ ಎಲ್ಲದರ ಬುಡ ಒಂದೇ. ಪರದೆಯ ಮೇಲೆ ಏನಿದೆ ಅಂತ ಹುಡುಕುವ ಕೆಲಸ ಪ್ರೇಕ್ಷಕನ ಪಾಲಿಗೆ ಬರಬೇಕು. ಮಾಮೂಲಿ ಹಾರರ್‌ನಲ್ಲಿ ನಿರ್ದೇಶಕ ಕೈಹಿಡಿದು ತೋರಿಸುತ್ತಾನೆ: ಕ್ಲೋಸಪ್ ಬಂತು, ಪಿಟೀಲು ಕಿರುಚಿತು, ಈಗ ಹೆದರಿಕೋ. ಇಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಒಂದು ಖಾಲಿ ಕೋಣೆ, ಮಲಗಿರುವ ಇಬ್ಬರು, ಅರ್ಧ ತೆರೆದ ಬಾಗಿಲು. ಏನೋ ಆಗುತ್ತದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. ಕಣ್ಣು ಬಾಗಿಲಿಗೆ ಹೋಗುತ್ತದೆ, ಹೊದಿಕೆಗೆ ಬರುತ್ತದೆ, ಮತ್ತೆ ಬಾಗಿಲಿಗೆ ಹೋಗುತ್ತದೆ. ಅಷ್ಟರಲ್ಲಿ ಬಾಗಿಲು ಒಂದು ಗೇಣು ಅಲುಗಿದರೂ ಸಾಕು, ಎದೆ ಝಲ್ ಅನ್ನುತ್ತದೆ.

ನಾನು ಹೇಳುತ್ತಿರುವುದು 2007ರ 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ' ಅಂತ ನಿಮಗೆ ಗೊತ್ತಾಗಿರುತ್ತದೆ. ಒರೆನ್ ಪೆಲಿ ಅದನ್ನು ಸ್ಯಾನ್ ಡಿಯಾಗೊದ ತನ್ನ ಮನೆಯಲ್ಲೇ, ಸುಮಾರು 15,000 ಡಾಲರ್ ಖರ್ಚಿನಲ್ಲಿ ತೆಗೆದ. ಅದರಲ್ಲಿ ನನಗೆ ಈಗಲೂ ಕಿರಿಕಿರಿ ಮಾಡುವ ದೃಶ್ಯದಲ್ಲಿ ದೆವ್ವವೇ ಇಲ್ಲ. ಕೇಟಿ ರಾತ್ರಿ ಎದ್ದು ಮಂಚದ ಪಕ್ಕ ನಿಂತುಕೊಳ್ಳುತ್ತಾಳೆ, ಮಲಗಿರುವ ಗೆಳೆಯನನ್ನೇ ನೋಡುತ್ತಾಳೆ. ಮೂಲೆಯಲ್ಲಿ ಗಡಿಯಾರದ ಅಂಕಿಗಳು ಸರಸರ ಓಡುತ್ತವೆ, ಗಂಟೆಗಳು ಕಳೆಯುತ್ತವೆ, ಅವಳು ಅಲ್ಲೇ. ಇದಕ್ಕೆ ಬೇಕಾಗಿದ್ದು ಒಂದು ಟ್ರೈಪಾಡ್, ಸುಮ್ನೆ ನಿಲ್ಲಬಲ್ಲ ಒಬ್ಬ ನಟಿ, ಎಡಿಟಿಂಗ್‌ನಲ್ಲಿ ವೇಗ ಜಾಸ್ತಿ ಮಾಡೋದು, ಅಷ್ಟೇ.

2011ರಲ್ಲಿ ಬಂದ ಅದರ ಮೂರನೇ ಭಾಗದಲ್ಲಿ ಇನ್ನೂ ಚಂದದ ಉಪಾಯ ಇದೆ. ಟೇಬಲ್ ಫ್ಯಾನಿನ ತಲೆ ತೆಗೆದು, ತಿರುಗುವ ಬುಡದ ಮೇಲೆ ಕ್ಯಾಮೆರಾ ಕೂರಿಸುತ್ತಾರೆ. ಅದು ಹಾಲ್‌ನಿಂದ ಅಡುಗೆಮನೆ ಕಡೆಗೆ ನಿಧಾನ ತಿರುಗುತ್ತದೆ, ವಾಪಸ್ ಬರುತ್ತದೆ, ತನ್ನ ಪಾಡಿಗೆ ತಾನು. ಮಕ್ಕಳನ್ನು ನೋಡಿಕೊಳ್ಳಲು ಬಂದ ಹುಡುಗಿ ಕೂತಿದ್ದಾಳೆ, ಹಿಂದೆ ಬಿಳಿ ಬೆಡ್‌ಶೀಟ್ ಹೊದ್ದ ಒಂದು ಪುಟ್ಟ ಆಕಾರ ಬಂದು ನಿಲ್ಲುತ್ತದೆ. ಮಗು ಆಟ ಆಡುತ್ತಿದೆ ಅಂದುಕೊಳ್ಳುತ್ತೇವೆ. ಆಮೇಲೆ ಬೆಡ್‌ಶೀಟ್ ನೆಲಕ್ಕೆ ಕುಸಿಯುತ್ತದೆ, ಒಳಗೆ ಯಾರೂ ಇಲ್ಲ. ಅದಕ್ಕಿಂತ ಕೆಟ್ಟದ್ದು ಕ್ಯಾಮೆರಾ ಅತ್ತ ತಿರುಗಿರುವ ಆ ಕೆಲವು ಸೆಕೆಂಡು. ನೋಡಬೇಕಾದ್ದು ಇತ್ತ ಇದೆ, ಯಂತ್ರಕ್ಕೆ ಅದು ಗೊತ್ತಿಲ್ಲ, ಬೇಗ ತಿರುಗು ಮಾರಾಯ ಅಂತ ಬೇಡಿಕೊಂಡರೂ ತಿರುಗೋದಿಲ್ಲ. ಒಬ್ಬ ಕ್ಯಾಮೆರಾಮನ್ ಬೇಕಂತಲೇ ಅತ್ತ ತಿರುಗಿಸಿದ್ದರೆ ಇದು ಮೋಸ ಅನ್ನಿಸುತ್ತಿತ್ತು. ಫ್ಯಾನ್ ಆಗಿರುವುದಕ್ಕೆ ಬೈಯಲು ಯಾರೂ ಸಿಗೋದಿಲ್ಲ.

ನಿಮ್ಮ ಬಜೆಟ್ಟಿಗೆ ಇದೇ ಒಳ್ಳೆಯ ದಾರಿ. ನಿಮ್ಮ ಕ್ಯಾಮೆರಾಗೆ ಏನು ಕಾಣೋದಿಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ, ಅದಕ್ಕೆ ಕಥೆಯೊಳಗೇ ಕಾರಣ ಇರಲಿ, ಆಮೇಲೆ ಎಷ್ಟೇ ಕಷ್ಟ ಆದರೂ ಆ ನಿಯಮ ಮುರಿಯಬೇಡಿ. ಸ್ಪೇನಿನ 'ರೆಕ್' (ಇದೂ 2007ರದ್ದೇ) ಕೊನೆಯಲ್ಲಿ ಕ್ಯಾಮೆರಾದ ಲೈಟ್ ಹೋಗುತ್ತದೆ, ನೈಟ್ ವಿಷನ್ ಹಾಕುತ್ತಾರೆ. ಈಗ ಕ್ಯಾಮೆರಾ ಹಿಡಿದವನಿಗೆ ಕಾಣುತ್ತದೆ, ನಮಗೂ ಕಾಣುತ್ತದೆ, ಪಕ್ಕದಲ್ಲೇ ಇರುವ ವರದಿಗಾರ್ತಿಗೆ ಬರೀ ಕತ್ತಲು. ಅದೇ ಕೋಣೆಯಲ್ಲಿ ಇನ್ನೊಂದು ಜೀವ ತಡಕಾಡುತ್ತಿರುತ್ತದೆ, ಅದಕ್ಕೂ ಕಾಣೋದಿಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ, 2020ರಲ್ಲಿ, ಪೂರ್ತಿ ಜೂಮ್ ಕರೆಯಲ್ಲೇ ನಡೆಯುವ 'ಹೋಸ್ಟ್' ಬಂತು. ನಟರು ತಮ್ಮ ತಮ್ಮ ಮನೆಯಲ್ಲಿ ಕೂತು ತಾವೇ ಕ್ಯಾಮೆರಾ ಇಟ್ಟುಕೊಂಡು ಮಾಡಿದ್ದು, ಒಂದು ಗಂಟೆಯೂ ಇಲ್ಲ. ಅದರಲ್ಲಿ ಒಬ್ಬಳು ತಾನೇ ಕೋಣೆಯೊಳಗೆ ಓಡಾಡುವ ವಿಡಿಯೋವನ್ನು ತಮಾಷೆಗೆ ಹಿನ್ನೆಲೆಯಾಗಿ ಹಾಕಿಕೊಂಡಿರುತ್ತಾಳೆ. ಆಮೇಲೆ ಒಂದು ಹೊತ್ತಿನಲ್ಲಿ ಆ ವಿಡಿಯೋ ಮಾತ್ರ ಮತ್ತೆ ಮತ್ತೆ ಓಡುತ್ತಿರುತ್ತದೆ, ಅವಳು ಇಲ್ಲ. ಗ್ರಾಫಿಕ್ಸ್ ಖರ್ಚು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಇನ್ನು 'ಇಷ್ಟೆಲ್ಲ ಆದರೂ ಯಾಕೆ ಶೂಟ್ ಮಾಡ್ತಾನೇ ಇದ್ದಾರೆ?' ಅನ್ನುವ ಪ್ರಶ್ನೆ. ಪ್ರೇಕ್ಷಕನ ತಲೆಯಲ್ಲಿ ಇದು ಬಂದ ಕ್ಷಣ ಸಿನಿಮಾ ಸತ್ತಂತೆ. ಕ್ಯಾಮೆರಾದ ಲೈಟೇ ಇರುವ ಒಂದೇ ಬೆಳಕು ಅಂತ ಮಾಡಿ, ಅಥವಾ ಸಾಕ್ಷಿ ಬೇಕು ಅಂತ ಹಠ ಮಾಡುವ ಒಂದು ಪಾತ್ರ ಇಡಿ, ಅಥವಾ ಆಫ್ ಮಾಡುವ ಪ್ರಶ್ನೆಯೇ ಬಾರದ ಸಿಸಿಟಿವಿ ಇರಲಿ.

1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಬಗ್ಗೆ ಹೇಳದೆ ಈ ಉತ್ತರ ಮುಗಿಯೋದಿಲ್ಲ. ಎಲ್ಲರೂ ಅದರಿಂದ ಕಲಿತದ್ದು ಕ್ಯಾಮೆರಾ ಅಲ್ಲಾಡಿಸೋದು. ಕಲಿಯಬೇಕಾದ್ದು ಜಗಳ. ಒಬ್ಬ ಮಾಟಗಾತಿಯ ಕಥೆ ಹುಡುಕಿ ಹೋದ ಮೂರು ಜನ ಕಾಡಿನಲ್ಲಿ ದಾರಿ ತಪ್ಪಿದ್ದಾರೆ, ಮ್ಯಾಪ್ ಕಾಣುತ್ತಿಲ್ಲ, ಆಮೇಲೆ ಅವರಲ್ಲೇ ಒಬ್ಬ ಅದನ್ನು ನಾನೇ ಹೊಳೆಗೆ ಒದ್ದೆ ಅಂತ ನಗುತ್ತಾನೆ. ಮರಕ್ಕೆ ನೇತು ಹಾಕಿದ ಕಡ್ಡಿ ಗೊಂಬೆಗಳಿಗಿಂತ ಆ ನಗು ನನಗೆ ಜಾಸ್ತಿ ಭಯ ಹುಟ್ಟಿಸಿತು. ಮಾತುಗಳನ್ನು ಪೂರ್ತಿ ಬರೆದುಕೊಡದೆ, ಇವತ್ತು ಇಲ್ಲಿಗೆ ಹೋಗಿ, ಇಂಥದ್ದು ಆಗಬೇಕು ಅಂತ ಚೀಟಿ ಇಟ್ಟು ನಟರ ಕೈಗೇ ಕ್ಯಾಮೆರಾ ಕೊಟ್ಟಿದ್ದರು, ಅದಕ್ಕೇ ಆ ಮಾತು ಒಬ್ಬರ ಮೇಲೊಬ್ಬರು ಬಿದ್ದಂತೆ ಬರುತ್ತದೆ. ದಿನ ಕಳೆದಂತೆ ಊಟವನ್ನೂ ಕಡಿಮೆ ಮಾಡಿದ್ದರಂತೆ. ಅದೊಂದನ್ನು ನಕಲು ಮಾಡಬೇಡಿ, ಗೆಳೆಯರು ಬೇಕಲ್ವಾ?

ಅದರ ಕೊನೆಯನ್ನೂ ಗಮನಿಸಿ. ಒಬ್ಬ ಮೂಲೆಗೆ ಮುಖ ಮಾಡಿ ನಿಂತಿದ್ದಾನೆ, ಕ್ಯಾಮೆರಾ ಬೀಳುತ್ತದೆ, ಮುಗಿಯಿತು. ಮಾಟಗಾತಿ ಬರಲೇ ಇಲ್ಲ. ಆದರೆ ಶುರುವಿನಲ್ಲಿ ಊರಿನವರೊಬ್ಬರು, ಮಕ್ಕಳನ್ನು ಕೊಂದವನು ಒಂದು ಮಗುವನ್ನು ಹೀಗೇ ಮೂಲೆಗೆ ನಿಲ್ಲಿಸಿ ಇನ್ನೊಂದನ್ನು ಕೊಲ್ಲುತ್ತಿದ್ದ ಅಂತ ಹೇಳಿರುತ್ತಾರೆ. ಆ ಮಾತು ಆಗ ಸುಮ್ನೆ ಹಾದುಹೋಗಿರುತ್ತದೆ. ಕೊನೆಯಲ್ಲಿ ಎರಡನ್ನೂ ಜೋಡಿಸುವವರು ನಾವು. ನಿಮ್ಮ ಕಥೆಯಲ್ಲೂ ಇಂಥದ್ದೊಂದು ಮಾತು ಮೊದಲ ಹತ್ತು ನಿಮಿಷದಲ್ಲಿ ಹೂತಿಡಿ, ಆಮೇಲೆ ಯಾರ ಬಾಯಲ್ಲೂ ಅದನ್ನು ನೆನಪಿಸಬೇಡಿ.

'ಇದು ನಿಜ ಘಟನೆ' ಅಂತ ಹಾಕಬೇಕಾ? ಹಾಕಿ, ಬಿಡಿ, ಏನೂ ವ್ಯತ್ಯಾಸ ಇಲ್ಲ. 'ಬ್ಲೇರ್ ವಿಚ್' ಕಾಲದಲ್ಲಿ ಜನ ನಂಬಿದರು, ಕನ್ನಡದಲ್ಲೂ 2013ರಲ್ಲಿ '6-5=2' ಬಂದಾಗ ಆ ಕುತೂಹಲ ಸ್ವಲ್ಪ ಇತ್ತು. ಈಗ ಯಾರೂ ನಂಬೋದಿಲ್ಲ, ನಂಬದೆಯೂ ಹೆದರುತ್ತಾರೆ.

ನನಗೆ ಸಿಟ್ಟು ಬರಿಸುವ ಒಂದು ಚಟ ಇದೆ, ಹೇಳಿಬಿಡುತ್ತೇನೆ. ದೆವ್ವ ಬಂದಾಗಲೆಲ್ಲ ಪರದೆ ಚರಚರ ಅಂದು ಬಣ್ಣ ಒಡೆಯೋದು. ಕಥೆ ಈಗಿನದು, ಕೈಯಲ್ಲಿರೋದು ಫೋನು, ಅದರಲ್ಲಿ ಹಳೆ ವಿಸಿಆರ್ ಟೇಪಿನ ಗೆರೆ ಎಲ್ಲಿಂದ ಬಂತು? ಫೋನಿಗೆ ಅದರದ್ದೇ ತೊಂದರೆಗಳಿವೆ. ಕತ್ತಲಲ್ಲಿ ಫೋಕಸ್ ಸಿಗದೆ ಒದ್ದಾಡುತ್ತದೆ, ಚಿತ್ರ ಕಾಳುಕಾಳಾಗುತ್ತದೆ. ಆ ಕಾಳುಗಳಲ್ಲಿ ಕಣ್ಣು ತಾನೇ ಮುಖ ಕಟ್ಟಿಕೊಳ್ಳುತ್ತದೆ, ನೀವು ಏನೂ ಇಡದಿದ್ದರೂ. ಆಸ್ಟ್ರೇಲಿಯಾದ 'ಲೇಕ್ ಮುಂಗೊ' (2008) ನಿಂತಿರುವುದೇ ಇಂಥ ಮಸುಕು ಫೋನ್ ವಿಡಿಯೋದ ಮೇಲೆ. ದೂರದಿಂದ ಏನೋ ನಡೆದು ಬರುತ್ತದೆ, ಹತ್ತಿರ ಬರುವವರೆಗೂ ಏನು ಅಂತ ಗೊತ್ತಾಗೋದಿಲ್ಲ. ಅದು ಏನು ಅಂತ ಮಾತ್ರ ನಾನು ಹೇಳೋದಿಲ್ಲ.

ಹಾಗಾಗಿ ಕ್ಯಾಮೆರಾಗೆ ದುಡ್ಡು ಹಾಕಬೇಡಿ, ಇರುವ ಫೋನ್ ಸಾಕು. ಉಳಿದದ್ದನ್ನು ಮೈಕ್‌ಗೆ ಹಾಕಿ. ಚಿತ್ರ ಕೆಟ್ಟದಾಗಿದ್ದರೆ ನಂಬಿಕೆ ಬರುತ್ತದೆ, ಮಾತು ಕೇಳಿಸದಿದ್ದರೆ ಜನ ಎದ್ದು ಹೋಗುತ್ತಾರೆ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಶೂಟ್ ಮಾಡಿದ ಜಾಗದಲ್ಲೇ ಎಲ್ಲರೂ ಬಾಯಿ ಮುಚ್ಚಿ ಕೂತು, ಫ್ರಿಜ್ಜಿನ ಗುಂಯ್, ನಲ್ಲಿಯ ತೊಟ್ಟು, ಪಕ್ಕದ ಕೋಣೆಯ ಮೌನ ಎಲ್ಲವನ್ನೂ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಳ್ಳಿ. ದೃಶ್ಯದ ಉದ್ದಕ್ಕೂ ಆ ಗುಂಯ್ ಇದ್ದು, ಹೆದರಿಸಬೇಕಾದ ಜಾಗದಲ್ಲಿ ಅದನ್ನು ತೆಗೆದುಬಿಡಿ. ಒಂದು ಸಲ ಸಾಕು, ಎರಡನೇ ಸಲಕ್ಕೆ ಜನ ಕಂಡುಹಿಡಿಯುತ್ತಾರೆ.

ಎಡಿಟ್ ಮುಗಿದ ಮೇಲೆ ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ತೋರಿಸಿ. ನೀವು ಪರದೆ ನೋಡಬೇಡಿ, ಅವರ ಕಣ್ಣು ನೋಡಿ. ಖಾಲಿ ದೃಶ್ಯ ಬಂದಾಗ ಕಣ್ಣು ಮೂಲೆಮೂಲೆಗೆ ಓಡುತ್ತಿದ್ದರೆ ಆ ಶಾಟನ್ನು ಇನ್ನೊಂದು ಹತ್ತು ಸೆಕೆಂಡು ಎಳೆಯಿರಿ. ಮೊಬೈಲ್ ಕಡೆ ಕೈ ಹೋದರೆ ಕತ್ತರಿಸಿ.