ಮೂರು ತಿಂಗಳು ತುಂಬಲಿ ಅಂತ ಕಾಯಬೇಡಿ

ಮುಟ್ಟು ನಿಂತು ವಾರವಾಯಿತು, ಮನೆಯಲ್ಲೇ ಟೆಸ್ಟ್ ಮಾಡಿದರೆ ಎರಡು ಗೆರೆ ಬಂದಿವೆ, ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಮೇಲೆ ಇನ್ನೂ ಜಿಪಿ (ಮನೆ ಹತ್ತಿರದ ಕುಟುಂಬ ವೈದ್ಯರು) ಹತ್ತಿರ ಹೆಸರು ಬರೆಸಿಲ್ಲ, ಮೊದಲ ಚೆಕಪ್ ಯಾವಾಗ ಅಂತ ಕೇಳಿದ್ದೀರಿ. ಈ ವಾರವೇ ಬುಕ್ ಮಾಡಿ. ಜಿಪಿಗೆ ಕಾಯಬೇಕಿಲ್ಲ, ಹತ್ತಿರದ ಸರ್ಕಾರಿ ಎನ್‌ಎಚ್‌ಎಸ್ ಆಸ್ಪತ್ರೆಯ ವೆಬ್‌ಸೈಟಿನ ಮೆಟರ್ನಿಟಿ (ಹೆರಿಗೆ ವಿಭಾಗ) ಪುಟದಲ್ಲಿ ನೀವೇ ಅರ್ಜಿ ತುಂಬಬಹುದು. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ನಿಮಗೀಗ ಸುಮಾರು 5 ವಾರ. ಮಿಡ್‌ವೈಫ್ (ಬಸಿರು, ಹೆರಿಗೆ ನೋಡಿಕೊಳ್ಳುವ ತರಬೇತಾದ ದಾದಿ) ಜೊತೆಗಿನ ಮೊದಲ ಭೇಟಿ 10 ವಾರದೊಳಗೆ ಆಗಬೇಕು.

ಮೂರು ತಿಂಗಳವರೆಗೆ ಯಾರಿಗೂ ಹೇಳಬೇಡ ಅಂದರಂತೆ ನಿಮ್ಮತ್ತೆ. ನೆಂಟರಿಗೆ ಹೇಳಬೇಡಿ, ಮಿಡ್‌ವೈಫ್‌ಗೆ ಹೇಳಿ. ನಮ್ಮವರು ಇಲ್ಲಿ ಎಡವುವುದು ಇದೊಂದರಲ್ಲೇ. ಥಲಸ್ಸೀಮಿಯಾ (ವಂಶಪಾರಂಪರ್ಯವಾಗಿ ಬರುವ ರಕ್ತದ ಕಾಯಿಲೆ) ರಕ್ತಪರೀಕ್ಷೆ 10 ವಾರದೊಳಗೆ ಆಗಬೇಕೆನ್ನುವುದಕ್ಕೆ ಕಾರಣವಿದೆ. ನೀವು ವಾಹಕಿ (ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಹೊತ್ತವರು) ಅಂತ ಬಂದರೆ ಗಂಡನ ರಕ್ತವನ್ನೂ ನೋಡಬೇಕು. ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಟ್ಟೆಯಲ್ಲಿರುವ ಮಗುವಿಗೆ ಅದು ಬಂದಿದೆಯೇ ಅಂತ ಖಚಿತಪಡಿಸುವ ಸಿವಿಎಸ್ ಪರೀಕ್ಷೆ (ಮಾಸುವಿನ ಚೂರು ತೆಗೆದು ನೋಡುವುದು) ಸಾಮಾನ್ಯವಾಗಿ 11ರಿಂದ 14 ವಾರದೊಳಗೆ. ತಡವಾಗಿ ಹೋದರೆ ಯೋಚಿಸಲೂ ಸಮಯ ಉಳಿಯುವುದಿಲ್ಲ. ಡೌನ್ ಸಿಂಡ್ರೋಮ್‌ನ ಕಂಬೈನ್ಡ್ ಟೆಸ್ಟ್ (ಸ್ಕ್ಯಾನ್, ರಕ್ತಪರೀಕ್ಷೆ ಎರಡೂ ಸೇರಿಸಿ ನೋಡುವುದು) ಮಾಡಿಸುವ ಅವಧಿ ಕೂಡ 14 ವಾರ 1 ದಿನಕ್ಕೆ ಮುಗಿಯುತ್ತದೆ. ಆಮೇಲೆ ಸಿಗುವ ಕ್ವಾಡ್ರುಪಲ್ ಟೆಸ್ಟ್ (ಬರೀ ರಕ್ತಪರೀಕ್ಷೆ) ಅಷ್ಟು ನಿಖರವಲ್ಲ.

ಆ ಭೇಟಿಯಲ್ಲಿ ರಕ್ತ, ಮೂತ್ರ, ಬಿಪಿ, ಎತ್ತರ, ತೂಕ ನೋಡುತ್ತಾರೆ. ಗಂಡ ಹೆಂಡತಿ ರಕ್ತಸಂಬಂಧಿಗಳೇ ಅಂತಲೂ ಕೇಳುತ್ತಾರೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗಿದ್ದರೆ ಸಂಕೋಚಪಡದೆ ಹೇಳಿ. ಸ್ವಲ್ಪ ಹೊತ್ತು ಗಂಡನನ್ನು ಹೊರಗೆ ಕೂರಿಸಿ ಮನೆಯಲ್ಲಿ ಹೊಡೆತ ಬಡಿತ ಇದೆಯೇ ಅಂತ ವಿಚಾರಿಸುತ್ತಾರೆ. ಎಲ್ಲರನ್ನೂ ಕೇಳುತ್ತಾರೆ, ಬೇಜಾರಾಗಬೇಡಿ.

ಊರಿನ ಹಾಗೆ 6ನೇ ವಾರಕ್ಕೇ ಸ್ಕ್ಯಾನ್ ಮಾಡಿ ಹೃದಯ ಬಡಿತ ತೋರಿಸುವುದಿಲ್ಲ. ಡಾಕ್ಟರನ್ನೇ ನೋಡದೆ ಹೆರಿಗೆಯಾಗುವುದೂ ಇಲ್ಲಿ ಮಾಮೂಲು. ಮೊದಮೊದಲು ಅನಾಥರಾದ ಹಾಗೆ ಅನಿಸುತ್ತದೆ. ರಕ್ತಸ್ರಾವವೋ ಕಿಬ್ಬೊಟ್ಟೆಯ ಒಂದೇ ಕಡೆ ನೋವೋ ಕಂಡರೆ ಮಾತ್ರ ಮೊದಲ ಭೇಟಿಯ ದಿನಕ್ಕೆ ಕಾಯದೆ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಗರ್ಭವು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರಬಹುದು. ತಲೆಸುತ್ತಿ ಬಿದ್ದರೆ, ರಕ್ತ ಧಾರೆಯಾಗಿ ಹೋದರೆ ಆಂಬ್ಯುಲೆನ್ಸ್‌ಗೆ 999.

ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಇವತ್ತೇ ಶುರುಮಾಡಿ, 12 ವಾರದವರೆಗೆ ದಿನಕ್ಕೊಂದು. ಸಕ್ಕರೆ ಕಾಯಿಲೆ ಇದ್ದರೆ 5 ಮಿಲಿಗ್ರಾಂ ಬೇಕು, ಅದಕ್ಕೆ ಡಾಕ್ಟರ ಚೀಟಿ ಬೇಕಾಗುತ್ತದೆ. ವಿಟಮಿನ್ ಡಿ 10 ಮೈಕ್ರೋಗ್ರಾಂ ಬಿಡಲೇಬೇಡಿ, ಇಲ್ಲಿಯ ಬಿಸಿಲನ್ನು ನಂಬಬೇಡಿ.

ಬಾಣಂತನಕ್ಕೆ ಅಮ್ಮನನ್ನು ಕರೆಸುವುದಾದರೆ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳಷ್ಟೇ ಇರಬಹುದು. ಹೆರಿಗೆ ದಿನ ಲೆಕ್ಕಹಾಕುವ ಸ್ಕ್ಯಾನ್ 12ನೇ ವಾರದ ಆಸುಪಾಸಿನಲ್ಲಿ ಆಗುತ್ತದೆ, ತಾರೀಕು ಹಿಂದೆಮುಂದೆ ಆಗಬಹುದು. ಅದಾದ ಮೇಲೆ ಟಿಕೆಟ್ ತೆಗೆಸಿ.