ಸರ್ಕಾರ ಬೀಳುವುದು ಅಷ್ಟು ಕೆಟ್ಟದ್ದೇ?

ಪ್ರಶ್ನೆ: ಸಂಸದೀಯ ಪದ್ಧತಿಯಲ್ಲಿ ಸರ್ಕಾರ ಯಾವಾಗ ಬೀಳುತ್ತದೋ ಹೇಳೋಕಾಗಲ್ಲ. ಅಮೆರಿಕದ ಹಾಗೆ ನಾಲ್ಕು ವರ್ಷಕ್ಕೆ ಅಧ್ಯಕ್ಷರನ್ನು ಆರಿಸಿಬಿಡುವುದೇ ಒಳ್ಳೇದಲ್ವಾ?

ಉತ್ತರ: ನನಗಂತೂ ಈ ಬೀಳುವ ಭಯವೇ ಸಂಸದೀಯ ಪದ್ಧತಿಯ ದೊಡ್ಡ ಬಲ ಅನಿಸುತ್ತದೆ. 1979ರ ಮಾರ್ಚ್ 28ರ ರಾತ್ರಿ ಬ್ರಿಟನ್ ಪ್ರಧಾನಿ ಜೇಮ್ಸ್ ಕ್ಯಾಲಹನ್ ವಿರುದ್ಧ ಅವಿಶ್ವಾಸ ನಿರ್ಣಯ ಮತಕ್ಕೆ ಬಂತು. ಅವರ ಪಕ್ಷದ ಸದಸ್ಯ ಆಲ್ಫ್ರೆಡ್ ಬ್ರೌಟನ್ ಸಾವು ಬದುಕಿನ ನಡುವೆ ಇದ್ದರು. ಕರೆತಂದರೆ ದಾರಿಯಲ್ಲೇ ಏನಾದರೂ ಆದೀತು ಅಂತ ಅವರನ್ನು ಕರೆಸಲಿಲ್ಲ. ಮತ ಎಣಿಸಿದರೆ 311–310. ಒಂದೇ ಒಂದು ಮತಕ್ಕೆ ಸರ್ಕಾರ ಹೋಯಿತು, ಬ್ರೌಟನ್ ಕೆಲವೇ ದಿನಗಳಲ್ಲಿ ತೀರಿಕೊಂಡರು. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಬಿದ್ದದ್ದೂ ಹೀಗೇ, 269–270. ಎರಡೂ ಕಡೆ ಅಧಿಕಾರದಲ್ಲಿದ್ದವರು ಸೋಲು ಒಪ್ಪಿಕೊಂಡರು, ಜನ ಮತ್ತೆ ಮತ ಹಾಕಿದರು.

1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಇದನ್ನೇ ವಿವರಿಸಿದ್ದರು: ಅಧ್ಯಕ್ಷೀಯ ಪದ್ಧತಿಯಲ್ಲಿ ಸ್ಥಿರತೆ ಜಾಸ್ತಿ, ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಜಾಸ್ತಿ, ನಮ್ಮ ಆಯ್ಕೆ ಹೊಣೆಗಾರಿಕೆ ಅಂತ.

ಅಸ್ಥಿರತೆಗೆ ಮದ್ದೂ ಇದೆ. ಜರ್ಮನಿಯಲ್ಲಿ ಚಾನ್ಸಲರ್‌ರನ್ನು ಸುಮ್ನೆ ಕೆಳಗಿಳಿಸುವಂತಿಲ್ಲ, ಅವರ ಜಾಗಕ್ಕೆ ಯಾರು ಅಂತ ಅದೇ ಮತದಲ್ಲಿ ಆರಿಸಬೇಕು. 1982ರಲ್ಲಿ ಶ್ಮಿಟ್ ಹೋಗಿ ಕೋಲ್ ಬಂದದ್ದು ಹಾಗೆ. ಇನ್ನು ಅಧ್ಯಕ್ಷೀಯ ಪದ್ಧತಿಯಲ್ಲೂ ಎಲ್ಲ ಸಲೀಸಲ್ಲ: ಅಧ್ಯಕ್ಷರಿಗೂ ಕಾಂಗ್ರೆಸ್‌ಗೂ (ಅಲ್ಲಿನ ಸಂಸತ್ತು) ಹೊಂದದೆ 2018–19ರಲ್ಲಿ ಅಮೆರಿಕದ ಎಷ್ಟೋ ಸರ್ಕಾರಿ ಕಚೇರಿಗಳು 35 ದಿನ ಬಾಗಿಲು ಹಾಕಿದ್ದವು.

ನನ್ನ ಚಿಂತೆ ಬೀಳುವ ಸರ್ಕಾರದ್ದಲ್ಲ, ಬೀಳುವ ಭಯವೇ ಇಲ್ಲದ ಭಾರೀ ಬಹುಮತದ ಸರ್ಕಾರದ್ದು. ಮಂತ್ರಿಗಳು ಸದನದ ಬಹುಮತದಿಂದಲೇ ಬರುವವರಲ್ವಾ, ಹಾಗಾಗಿ ಅವರನ್ನು ಪ್ರಶ್ನಿಸಬೇಕಾದ ಸದಸ್ಯರೇ ಅವರ ಪಕ್ಷದವರಾಗಿರುತ್ತಾರೆ, ಮೇಲಿಂದ ವಿಪ್ ಬೇರೆ, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ. ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಪಕ್ಷಾಂತರಕ್ಕೆ ಕಡಿವಾಣ ಬೇಕಿತ್ತು, ಒಪ್ಪುತ್ತೇನೆ. ಆದರೆ ಒಂದು ಮಸೂದೆ ತಪ್ಪು ಅಂತ ಮನಸ್ಸಿಗೆ ಗೊತ್ತಿದ್ದೂ 'ಹೌದು' ಗುಂಡಿ ಒತ್ತಬೇಕಾದ ಸದಸ್ಯ, ತನ್ನನ್ನು ಕಳಿಸಿದ ಜನರಿಗೆ ಏನು ಹೇಳಬೇಕು? ವಿಶ್ವಾಸಮತಕ್ಕೆ, ಬಜೆಟ್‌ಗೆ ವಿಪ್ ಇರಲಿ. ಉಳಿದ ಮಸೂದೆಗಳಿಗೆ ಅವರವರ ಮತ ಅವರವರಿಗೆ ಬಿಡಬೇಕು.